ಒಳ್ಳೆಯ ಬ್ಯಾಕ್ಟೀರಿಯಾ ಕೊಳ್ಳುವ ಮೊದಲು, ಇರುವುದನ್ನು ಉಳಿಸಿಕೊಳ್ಳೋಣ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಆರೋಗ್ಯ ಪುಟದಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಬಗ್ಗೆ ಬಂದ ಲೇಖನವನ್ನು ಪೂರ್ತಿ ಓದಿದೆ. ಇಂಥ ವಿಷಯಕ್ಕೆ ಇಡೀ ಪುಟ ಕೊಟ್ಟದ್ದಕ್ಕೆ ಕೃತಜ್ಞಳಾಗಿದ್ದೇನೆ. ಮೊಸರು ತಿನ್ನಿ, ಸೊಪ್ಪು ಕಾಳು ಹೆಚ್ಚಿಸಿ, ಬೇಕಾದರೆ ಜೀವಂತ ಬ್ಯಾಕ್ಟೀರಿಯಾ ತುಂಬಿದ ಪ್ರೊಬಯೋಟಿಕ್ ಕ್ಯಾಪ್ಸೂಲ್ ತೆಗೆದುಕೊಳ್ಳಿ ಎಂಬ ಸಲಹೆಗಳೆಲ್ಲ ಇದ್ದವು. ಆದರೆ ಆ ಬ್ಯಾಕ್ಟೀರಿಯಾಗಳನ್ನು ನಾವು ದಿನಬೆಳಗಾದರೆ ಯಾವುದರಿಂದ ಕೊಲ್ಲುತ್ತಿದ್ದೇವೆ ಎಂಬ ಮಾತೇ ಇರಲಿಲ್ಲ. ಆಂಟಿಬಯೋಟಿಕ್ ಎಂಬ ಪದ ಇಡೀ ಪುಟದಲ್ಲಿ ಒಂದು ಸಲವೂ ಬಂದಿಲ್ಲ. ತಿಪಟೂರಿನಲ್ಲಿ ಬಹಳ ವರ್ಷಗಳಿಂದ ಔಷಧ ಅಂಗಡಿ ನಡೆಸುತ್ತಿರುವ ಫಾರ್ಮಸಿಸ್ಟ್ ನಾನು. ಆ ಕೊರತೆಯನ್ನು ಕಂಡೂ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಕೊಬ್ಬರಿ ಹರಾಜಿನ ದಿನ ಸುತ್ತಲಿನ ಹಳ್ಳಿಗಳವರು ಪೇಟೆ ಕೆಲಸ ಮುಗಿಸಿಕೊಂಡು ಬಸ್ಸು ಹತ್ತುವ ಮುಂಚೆ ನಮ್ಮಂಥ ಅಂಗಡಿಗಳಿಗೆ ಬರುತ್ತಾರೆ. ಸೆರಗಿನ ಗಂಟಿನಿಂದಲೋ ಅಂಗಿಯ ಜೇಬಿನಿಂದಲೋ ಖಾಲಿ ಸ್ಟ್ರಿಪ್ಪಿನ ಒಂದು ಚೂರು ಹೊರಬರುತ್ತದೆ. ಎರಡು ಮಾತ್ರೆ ಹಿಡಿಯುವಷ್ಟು ಜಾಗವನ್ನು ಯಾರೋ ಕತ್ತರಿಯಲ್ಲಿ ಕತ್ತರಿಸಿ ಕೊಟ್ಟದ್ದು. ಹೆಸರಿನ ಕೊನೆಯ ಎರಡಕ್ಷರ, ‘200’ ಎಂಬ ಅಂಕಿ, ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದು ಎಂದು ಎಚ್ಚರಿಸುವ ಕೆಂಪು ಗೆರೆಯ ಅರ್ಧ ತುಂಡು, ಇಷ್ಟು ಮಾತ್ರ ಅದರ ಮೇಲೆ ಉಳಿದಿರುತ್ತದೆ. ಅವಧಿ ಮುಗಿಯುವ ದಿನಾಂಕ ಇನ್ನೊಂದು ಚೂರಿನ ಜೊತೆ ಇನ್ಯಾರದೋ ಮನೆ ಸೇರಿರುತ್ತದೆ. ‘ಅಕ್ಕಾ, ಇದೇ ಮಾತ್ರೆ ನಾಲ್ಕು ಕೊಡಿ. ಹೋದ ಸಲ ನೆಗಡಿ ಜ್ವರ ಬಂದಾಗ ಇದರಲ್ಲೇ ಹುಷಾರಾಯಿತು’ ಎನ್ನುತ್ತಾರೆ. ಆ ಚೂರನ್ನು ಬೆಳಕಿಗೆ ಹಿಡಿದು ನೋಡಿದರೆ ನನಗೆ ಗೊತ್ತಾಗುತ್ತದೆ, ಅದು ಸೆಫಿಕ್ಸಿಮ್ ಎಂಬ ಆಂಟಿಬಯೋಟಿಕ್.

ನೆಗಡಿ ವೈರಸ್ಸಿನಿಂದ ಬರುವುದು. ಸೆಫಿಕ್ಸಿಮ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧ. ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ. ನಾಲ್ಕಾರು ದಿನದಲ್ಲಿ ತಾನಾಗಿ ಹೋಗುವ ನೆಗಡಿ ಮಾತ್ರೆಯಿಂದ ಹೋಯಿತೆಂದು ಅವರು ನಂಬಿದ್ದಾರೆ. ಅಷ್ಟೇ ಆಗಿದ್ದರೆ ಹಣ ದಂಡ ಎಂದು ಸುಮ್ಮನಾಗಬಹುದಿತ್ತು. ಆದರೆ ನುಂಗಿದ ಸೆಫಿಕ್ಸಿಮ್‌ನಲ್ಲಿ ರಕ್ತಕ್ಕೆ ಸೇರುವುದು ಹೆಚ್ಚೂಕಡಿಮೆ ಅರ್ಧ ಮಾತ್ರ. ಉಳಿದದ್ದು ಕರುಳಿನಲ್ಲೇ ಕೆಳಗೆ ಸಾಗುತ್ತದೆ. ಅಲ್ಲಿ ಅದರ ಎದುರಿಗೆ ಸಿಗುವುದು ರೋಗಾಣುಗಳಲ್ಲ, ನಿಮ್ಮ ಲೇಖನ ಅಷ್ಟೊಂದು ಹೊಗಳಿದ ಅವೇ ಬ್ಯಾಕ್ಟೀರಿಯಾಗಳು.

ಲೇಖನದ ಒಂದು ಅಂಕಿಯನ್ನು ಇಲ್ಲಿಯೇ ತಿದ್ದಬೇಕಾಗಿದೆ. ದೇಹದ ಜೀವಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾಗಳು ನಮ್ಮಲ್ಲಿವೆ ಎಂದು ಬರೆಯಲಾಗಿದೆ. ಇದು 1970ರ ದಶಕದ ಒಂದು ಅಂದಾಜು. ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತಾ ಬಂದಿತ್ತು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೊ ಮತ್ತು ಸಂಗಡಿಗರು 2016ರಲ್ಲಿ ಹೊಸದಾಗಿ ಲೆಕ್ಕ ಹಾಕಿದರು. 70 ಕೆ.ಜಿ. ತೂಕದ ಒಬ್ಬ ಗಂಡಸಿನಲ್ಲಿ ಸುಮಾರು 30 ಲಕ್ಷ ಕೋಟಿ ಸ್ವಂತ ಜೀವಕೋಶಗಳು, ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳು. ಅಂದರೆ ಹೆಚ್ಚುಕಡಿಮೆ ಸಮಸಮ. ಅಷ್ಟೂ ಬ್ಯಾಕ್ಟೀರಿಯಾಗಳ ತೂಕ 200 ಗ್ರಾಂ ಆಸುಪಾಸು. ಬಹುಪಾಲು ದೊಡ್ಡ ಕರುಳಿನಲ್ಲೇ ವಾಸ. ಹತ್ತು ಪಟ್ಟಲ್ಲ ಎಂದ ಮಾತ್ರಕ್ಕೆ ಅವುಗಳ ಮಹತ್ವ ಕಡಿಮೆಯಾಗುವುದಿಲ್ಲ, ಸರಿಯಾದ ಅಂಕಿಯೇ ಸಾಕಷ್ಟು ದೊಡ್ಡದು.

ಅವು ಮಾಡುವ ಕೆಲಸವೂ ದೊಡ್ಡದೇ. ರಾಗಿ, ಹುರುಳಿ, ಸೊಪ್ಪಿನಲ್ಲಿರುವ ನಾರನ್ನು ಅರಗಿಸುವ ಕಿಣ್ವಗಳು ನಮ್ಮ ದೇಹದಲ್ಲಿಲ್ಲ. ದೊಡ್ಡ ಕರುಳು ಮುಟ್ಟಿದ ಆ ನಾರನ್ನು ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಆಹಾರ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ವಿಟಮಿನ್ನನ್ನು ಒಂದಷ್ಟು ಅವೇ ತಯಾರಿಸುತ್ತವೆ. ಯಾವುದು ಶತ್ರು, ಯಾವುದು ಅಲ್ಲ ಎಂದು ನಮ್ಮ ರೋಗನಿರೋಧಕ ವ್ಯವಸ್ಥೆ ಕಲಿಯುವುದೂ ಇವುಗಳ ಒಡನಾಟದಿಂದಲೇ. ಒಂದೂ ಸೂಕ್ಷ್ಮಾಣು ಸೋಕದಂತೆ ಪ್ರಯೋಗಾಲಯದಲ್ಲಿ ಬೆಳೆಸಿದ ಇಲಿಗಳಲ್ಲಿ ಆ ವ್ಯವಸ್ಥೆ ಸರಿಯಾಗಿ ಬೆಳೆಯುವುದೇ ಇಲ್ಲ. ತಾಯಿಯ ಎದೆಹಾಲನ್ನೇ ನೋಡಿ. ಹಾಲಿನ ಸಕ್ಕರೆ ಮತ್ತು ಕೊಬ್ಬನ್ನು ಬಿಟ್ಟರೆ ಅದರಲ್ಲಿ ಅತಿ ಹೆಚ್ಚು ಇರುವ ಘನಪದಾರ್ಥ ಒಂದು ಬಗೆಯ ಸಂಕೀರ್ಣ ಸಕ್ಕರೆ. ಮಗುವಿಗೆ ಅದನ್ನು ಅರಗಿಸಲು ಬರುವುದೇ ಇಲ್ಲ. ಅದು ಮಗುವಿನ ಕರುಳಿನ ಬೈಫಿಡೋಬ್ಯಾಕ್ಟೀರಿಯಾಗಳ ಊಟ. ಬಾಣಂತಿಯ ದೇಹ ಕೂಸಿನ ಜೊತೆಗೆ ಕೂಸಿನ ಬ್ಯಾಕ್ಟೀರಿಯಾಗಳಿಗೂ ಉಣಿಸುತ್ತದೆ ಎಂದು ಮೊದಲ ಸಲ ಓದಿದಾಗ ನಾನು ಪುಟ ತಿರುಗಿಸಲಾರದೆ ಕುಳಿತಿದ್ದೆ.

ನಮ್ಮ ವೃತ್ತಿಗೆ ಸಂಬಂಧಪಟ್ಟ ಇನ್ನೊಂದು ಸಂಗತಿ ಜನರಿಗೆ ಗೊತ್ತಿರುವುದು ಕಡಿಮೆ. ನಾವು ಮಾರುವ ಕೆಲವು ಮಾತ್ರೆಗಳು ಕೆಲಸ ಮಾಡುವುದೂ ಮಾಡದಿರುವುದೂ ಈ ಬ್ಯಾಕ್ಟೀರಿಯಾಗಳ ಕೈಯಲ್ಲಿದೆ. ಕರುಳಿನ ಹುಣ್ಣಿನ ಕಾಯಿಲೆಗೂ ಸಂಧಿವಾತಕ್ಕೂ ಕೊಡುವ ಸಲ್ಫಸಲಜೀನ್ ಮಾತ್ರೆ ಇದ್ದಂತೆ ಇದ್ದರೆ ಕರುಳಿನ ಹುಣ್ಣಿಗೆ ಪ್ರಯೋಜನವಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಎರಡಾಗಿ ಒಡೆದ ಮೇಲೆಯೇ ಮದ್ದಿನ ಭಾಗ ಹೊರಬರುತ್ತದೆ. ಹೃದ್ರೋಗಿಗಳಿಗೆ ಕೊಡುವ ಡಿಗಾಕ್ಸಿನ್‌ನದು ಇದಕ್ಕೆ ವಿರುದ್ಧ. ಎಗರ್ತೆಲ್ಲಾ ಲೆಂಟಾ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವಿ.ಐ. ಮಥನ್ ಅವರೂ ನ್ಯೂಯಾರ್ಕಿನ ಸಂಶೋಧಕರೂ ಸೇರಿ 1989ರಲ್ಲಿ ಇದನ್ನು ಎರಡೂ ಕಡೆಯ ಆರೋಗ್ಯವಂತರಲ್ಲಿ ಪರೀಕ್ಷಿಸಿದ್ದರು. ನ್ಯೂಯಾರ್ಕಿನವರಲ್ಲಿ ನೂರಕ್ಕೆ 36 ಮಂದಿಯ ಕರುಳು ಡಿಗಾಕ್ಸಿನ್ ಅನ್ನು ಹೀಗೆ ಕೆಡಿಸುತ್ತಿತ್ತು. ದಕ್ಷಿಣ ಭಾರತದವರಲ್ಲಿ ನೂರಕ್ಕೆ 14ರಷ್ಟು ಮಂದಿಯಲ್ಲಿ ಮಾತ್ರ. ಅಂಥವರು ಆಂಟಿಬಯೋಟಿಕ್ ನುಂಗಿ ಆ ಬ್ಯಾಕ್ಟೀರಿಯಾ ಸತ್ತರೆ, ಮೊನ್ನೆಯವರೆಗೆ ಸರಿಹೊಂದಿದ್ದ ಅದೇ ಪ್ರಮಾಣದ ಡಿಗಾಕ್ಸಿನ್ ರಕ್ತದಲ್ಲಿ ಏರಿ ವಿಷವಾಗಬಹುದು. ಬೇರೆ ದಾರಿಗಳಿಂದಲೂ ಡಿಗಾಕ್ಸಿನ್ ಮಟ್ಟ ಏರಿಸುವ ಆಂಟಿಬಯೋಟಿಕ್‌ಗಳಿವೆ. ಆದ್ದರಿಂದಲೇ ಹೃದಯದ ಮಾತ್ರೆ ಕೊಳ್ಳಲು ಬರುವ ಹಿರಿಯರನ್ನು ‘ಅಪ್ಪಾ, ಈಚೆಗೆ ಬೇರೆ ಏನಾದರೂ ಮಾತ್ರೆ ತೆಗೆದುಕೊಂಡಿರಾ’ ಎಂದು ನಾನು ಕೇಳದೆ ಕಳಿಸುವುದಿಲ್ಲ. ‘ಗಂಟಲು ಕಟ್ಟಿತ್ತು ತಾಯಿ, ಮಗ ಎರಡು ಮಾತ್ರೆ ತಂದುಕೊಟ್ಟ’ ಎಂಬ ಉತ್ತರ ಬಂದರೆ ಎದೆ ಝಲ್ಲೆನ್ನುತ್ತದೆ. ಮಗ ಪ್ರೀತಿಯಿಂದಲೇ ತಂದಿರುತ್ತಾನೆ. ಕೊಟ್ಟವರು ತಂದೆ ಏನು ನುಂಗುತ್ತಿದ್ದಾರೆಂದು ಕೇಳಿರುವುದಿಲ್ಲ.

ಸತ್ತ ಬ್ಯಾಕ್ಟೀರಿಯಾ ಮತ್ತೆ ಬೆಳೆಯುವುದಿಲ್ಲವೇ ಎಂದು ಓದುಗರು ಕೇಳಬಹುದು. ಬಹುಪಾಲು ಬೆಳೆಯುತ್ತವೆ. ಎಲ್ಲವೂ ಅಲ್ಲ. ಡೆನ್ಮಾರ್ಕಿನಲ್ಲಿ 12 ಮಂದಿ ಆರೋಗ್ಯವಂತ ಗಂಡಸರಿಗೆ ಮೂರು ಪ್ರಬಲ ಆಂಟಿಬಯೋಟಿಕ್‌ಗಳನ್ನು ನಾಲ್ಕೇ ದಿನ ಕೊಟ್ಟು, ಆಮೇಲೆ ಆರು ತಿಂಗಳು ಅವರ ಮಲವನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೂವರೆ ತಿಂಗಳಲ್ಲಿ ಕರುಳು ಹೆಚ್ಚುಕಡಿಮೆ ಮೊದಲಿನ ಸ್ಥಿತಿಗೆ ಬಂದಿತ್ತು. ಆದರೆ ಚಿಕಿತ್ಸೆಗೆ ಮೊದಲು ಎಲ್ಲರಲ್ಲೂ ಇದ್ದ ಒಂಬತ್ತು ಜಾತಿಯ ಬ್ಯಾಕ್ಟೀರಿಯಾಗಳು ಆರು ತಿಂಗಳು ಕಳೆದರೂ ಹೆಚ್ಚಿನವರಲ್ಲಿ ಮರಳಿರಲಿಲ್ಲ. ಅದು ಆಸ್ಪತ್ರೆಯಲ್ಲಿ ಕೊಡುವ ಪ್ರಬಲ ಔಷಧಗಳ ಕಥೆ, ನಿಜ. ಆದರೆ ನಮ್ಮಲ್ಲಿ ವರ್ಷಕ್ಕೆ ನಾಲ್ಕಾರು ಬಾರಿ, ಹಾಲುಹಲ್ಲಿನ ಮಕ್ಕಳಿಂದ ಹಿಡಿದು ಎಲ್ಲರಿಗೂ, ಅರ್ಧಂಬರ್ಧ ಪ್ರಮಾಣದಲ್ಲಿ ಕೊಡುತ್ತಲೇ ಇದ್ದೇವಲ್ಲ, ಅದರ ಲೆಕ್ಕ ಇಟ್ಟವರು ಯಾರು?

ಇದರ ಅತಿ ಕೆಟ್ಟ ರೂಪ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಭೇದಿ. ಕೆಲವರ ಕರುಳಿನಲ್ಲಿ ಅದು ತೊಂದರೆಯಿಲ್ಲದೆ ಇರುತ್ತದೆ. ಅದರ ಬೀಜಕಣಗಳು ಆಸ್ಪತ್ರೆಯ ಹಾಸಿಗೆ ಕಂಬಿಗಳ ಮೇಲೂ ಇರುತ್ತವೆ, ಕೈಗೆ ಹಚ್ಚುವ ಸ್ಯಾನಿಟೈಸರಿಗೂ ಸಾಯುವುದಿಲ್ಲ. ಕರುಳಿನ ಉಳಿದ ಬ್ಯಾಕ್ಟೀರಿಯಾಗಳು ಪಿತ್ತರಸವನ್ನು ಬದಲಾಯಿಸಿ ಅದನ್ನು ತಲೆಯೆತ್ತದಂತೆ ಇಟ್ಟಿರುತ್ತವೆ. ಆಂಟಿಬಯೋಟಿಕ್ ಅವುಗಳನ್ನು ತೆಗೆದರೆ, ಬೆಳೆಯಿಲ್ಲದ ಹೊಲದಲ್ಲಿ ಪಾರ್ಥೇನಿಯಂ ಎದ್ದಂತೆ ಇದು ಎದ್ದು ಕರುಳನ್ನೆಲ್ಲ ಆವರಿಸುತ್ತದೆ. ದಿನಕ್ಕೆ ಹತ್ತಾರು ಸಲ ಭೇದಿ, ಜ್ವರ, ಹೊಟ್ಟೆನೋವು, ವಯಸ್ಸಾದವರಲ್ಲಿ ಸಾವು. ಇದಕ್ಕೆ ಕೊಡುವ ವ್ಯಾಂಕೊಮೈಸಿನ್ ಕೂಡ ಆಂಟಿಬಯೋಟಿಕ್ಕೇ ಆದ್ದರಿಂದ ವಾಸಿಯಾದವರಲ್ಲೂ ಕೆಲವರಿಗೆ ಮತ್ತೆ ಮರುಕಳಿಸುತ್ತದೆ.

ಹಾಗೆ ಮರುಕಳಿಸಿದವರಿಗೆ ಆಮ್‌ಸ್ಟರ್‌ಡ್ಯಾಮಿನ ವೈದ್ಯರು ಮಾಡಿದ ಚಿಕಿತ್ಸೆಯನ್ನು ಬರೆಯಲು ಸಂಕೋಚ ಪಡಬೇಕಾಗಿಲ್ಲ. ಆರೋಗ್ಯವಂತ ದಾನಿಯೊಬ್ಬರ ಮಲವನ್ನು ಲವಣಜಲದಲ್ಲಿ ಕದಡಿ, ಸೋಸಿ, ಮೂಗಿನಿಂದ ಇಳಿಸಿದ ನಳಿಕೆಯ ಮೂಲಕ ರೋಗಿಯ ಸಣ್ಣ ಕರುಳಿಗೆ ಬಿಟ್ಟರು. 2013ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: 16 ರೋಗಿಗಳಲ್ಲಿ 13 ಮಂದಿ ಮೊದಲ ಸಲಕ್ಕೇ ಗುಣವಾದರು, ಇನ್ನಿಬ್ಬರು ಎರಡನೆಯ ಸಲಕ್ಕೆ. ವ್ಯಾಂಕೊಮೈಸಿನ್ ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು. ವ್ಯತ್ಯಾಸ ಇಷ್ಟೊಂದು ಕಂಡದ್ದರಿಂದ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹತ್ತು ವರ್ಷದ ನಂತರ, 2023ರಲ್ಲಿ, ಅಮೆರಿಕದ ಔಷಧ ನಿಯಂತ್ರಕರು ದಾನಿಗಳ ಮಲದಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಬೀಜಕಣಗಳ ಕ್ಯಾಪ್ಸೂಲಿಗೂ ಒಪ್ಪಿಗೆ ಕೊಟ್ಟರು. ಇನ್ನೊಬ್ಬರ ಹೊಟ್ಟೆಯಿಂದ ಹೀಗೆ ಎರವಲು ತಂದು ತುಂಬಬೇಕಾದಷ್ಟು ಬೆಲೆಬಾಳುವ ವಸ್ತುವನ್ನು ನಾವು ನೆಗಡಿಗೆ ಬಲಿಕೊಡುತ್ತಿದ್ದೇವೆ ಎಂಬುದೇ ನನ್ನ ಸಂಕಟ.

ನೆಗಡಿಗಿಂತ ನನಗೆ ಹೆಚ್ಚು ನೋವಾಗುವುದು ಮಕ್ಕಳ ಭೇದಿಯಲ್ಲಿ. ಸೊಂಟದ ಮೇಲೆ ಬಾಡಿದ ಮಗುವನ್ನು ಕೂರಿಸಿಕೊಂಡು ಬರುವ ತಾಯಿ ‘ಭೇದಿ ನಿಲ್ಲುವ ಸಿರಪ್ ಕೊಡಿ’ ಎನ್ನುತ್ತಾಳೆ. ಆ ಹೆಸರಿನಲ್ಲಿ ಎಷ್ಟೋ ಕಡೆ ಕೈಗೆ ಸಿಗುವುದು ಓಫ್ಲೊಕ್ಸಾಸಿನ್ ಮತ್ತು ಆರ್ನಿಡಜೋಲ್ ಬೆರೆಸಿದ ಬಾಟಲಿ. ಆರ್ನಿಡಜೋಲ್ ಗುರಿಯಿಡುವುದು ಅಮೀಬಾದಂಥ ಜೀವಿಗಳ ಮೇಲೆ ಮತ್ತು ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳ ಮೇಲೆ. ದೊಡ್ಡ ಕರುಳಿನ ನಿವಾಸಿಗಳಲ್ಲಿ ಬಹುಪಾಲು ಅಂಥವೇ. ಆದರೆ ಪುಟ್ಟ ಮಕ್ಕಳ ನೀರು ಭೇದಿಯಲ್ಲಿ ಹೆಚ್ಚಿನವು ರೋಟಾದಂಥ ವೈರಸ್ಸುಗಳಿಂದ ಬರುತ್ತವೆ. ಅದಕ್ಕೆ ಬೇಕಾದದ್ದು ಓಆರ್‌ಎಸ್ ಮತ್ತು ಜಿಂಕ್. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲೇ ಇದನ್ನು ಹೇಳಿವೆ: ಆರು ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10 ಮಿಲಿಗ್ರಾಂ ಜಿಂಕ್, 10ರಿಂದ 14 ದಿನ. ಎದೆಹಾಲು ನಿಲ್ಲಿಸಬಾರದು. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿ ಬಿದ್ದು ಮಗು ಮಂಕಾದರೆ, ಮೂತ್ರ ನಿಂತರೆ ಅಂಗಡಿಗಲ್ಲ, ಆಸ್ಪತ್ರೆಗೆ ಓಡಬೇಕು. ಓಆರ್‌ಎಸ್ ಕೊಡುವಾಗಲೂ ಒಂದು ಮಾತು ಹೇಳಲೇಬೇಕಾಗುತ್ತದೆ. ಒಂದು ಲೀಟರಿಗೆ ಬೆರೆಸಬೇಕಾದ ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದು ಕುಡಿಸುವವರಿದ್ದಾರೆ. ಉಪ್ಪು ಹೆಚ್ಚಾಗಿ ಮಗುವಿಗೆ ಇನ್ನಷ್ಟು ಅಪಾಯ. ನಾನು ಪೊಟ್ಟಣದ ಮೇಲೆ ಪೆನ್ನಿನಲ್ಲಿ ‘ಪೂರ್ತಿ 1 ಲೀಟರ್ ಕಾಯಿಸಿ ಆರಿಸಿದ ನೀರು’ ಎಂದು ಬರೆದು ಕೊಡುತ್ತೇನೆ. ನಾಲ್ಕು ಕಾಸಿನ ವ್ಯಾಪಾರ ಅದು. ಬಾಟಲಿ ಮಾರಿದರೆ ಬರುವ ಲಾಭ ಬೇರೆ. ಈ ಅಂತರ ನಮ್ಮ ವೃತ್ತಿಯನ್ನು ಕೆಡಿಸುತ್ತಿದೆ ಎಂದು ವೃತ್ತಿಯ ಒಳಗಿದ್ದುಕೊಂಡೇ ಹೇಳುತ್ತಿದ್ದೇನೆ.

ಇನ್ನು ಪ್ರೊಬಯೋಟಿಕ್. ಆಂಟಿಬಯೋಟಿಕ್ ಜೊತೆ ಒಂದು ಪ್ರೊಬಯೋಟಿಕ್ ಪೊಟ್ಟಣ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ವೈದ್ಯರ ಚೀಟಿಗಳಲ್ಲೂ ಕಾಣುತ್ತದೆ. ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಇದನ್ನೇ ಪರೀಕ್ಷಿಸಿದರು. ಆಂಟಿಬಯೋಟಿಕ್ ಮುಗಿಸಿದ ಕೆಲವರನ್ನು ಹಾಗೆಯೇ ಬಿಟ್ಟರು, ಕೆಲವರಿಗೆ ಹಲವು ತಳಿಗಳ ಪ್ರೊಬಯೋಟಿಕ್ ಕೊಟ್ಟರು, ಕೆಲವರಿಗೆ ಚಿಕಿತ್ಸೆಗೆ ಮೊದಲೇ ತೆಗೆದಿಟ್ಟಿದ್ದ ಅವರದೇ ಮಲದ ಬ್ಯಾಕ್ಟೀರಿಯಾಗಳನ್ನು ಮರಳಿ ತುಂಬಿದರು. ತಮ್ಮದನ್ನೇ ಮರಳಿ ಪಡೆದವರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. ಏನೂ ತೆಗೆದುಕೊಳ್ಳದವರಿಗೆ ಕೆಲವು ವಾರ ಹಿಡಿಯಿತು. ಎಲ್ಲರಿಗಿಂತ ತಡವಾದದ್ದು ಪ್ರೊಬಯೋಟಿಕ್ ನುಂಗಿದವರಿಗೆ. ತಿಂಗಳುಗಳೇ ಕಳೆದರೂ ಅವರ ಸ್ವಂತ ಬ್ಯಾಕ್ಟೀರಿಯಾಗಳು ಪೂರ್ತಿ ಮರಳಲಿಲ್ಲ. ಹೊರಗಿನಿಂದ ಬಂದವು ಜಾಗ ಹಿಡಿದು ಕುಳಿತಿದ್ದವು. ಅದೇ ವರ್ಷ ಅಮೆರಿಕದಲ್ಲಿ ಭೇದಿಯಾದ 900ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಹೆಸರುವಾಸಿ ಲ್ಯಾಕ್ಟೋಬ್ಯಾಸಿಲಸ್ ತಳಿಯೊಂದು ಹೋಲಿಕೆಗೆಂದು ಕೊಟ್ಟ, ಬ್ಯಾಕ್ಟೀರಿಯಾ ಇಲ್ಲದ ಸಪ್ಪೆ ಪುಡಿಗಿಂತ ಹೆಚ್ಚೇನೂ ಮಾಡಲಿಲ್ಲ.

ಹಾಗೆಂದು ಪ್ರೊಬಯೋಟಿಕ್ ಎಲ್ಲವೂ ವ್ಯರ್ಥ ಎನ್ನುವವಳೂ ನಾನಲ್ಲ. ಒಡಿಶಾದ ಹಳ್ಳಿಗಳಲ್ಲಿ ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು 4,556 ನವಜಾತ ಶಿಶುಗಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆರಿಸಿ ತೆಗೆದ ಒಂದೇ ಒಂದು ತಳಿ, ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಂ, ಅದರ ಆಹಾರವಾದ ಸಸ್ಯಜನ್ಯ ಸಕ್ಕರೆಯ ಜೊತೆ ಏಳು ದಿನ ಕೊಟ್ಟದ್ದಕ್ಕೆ ರಕ್ತನಂಜು ಅಥವಾ ಸಾವಿಗೆ ತುತ್ತಾದ ಶಿಶುಗಳ ಪ್ರಮಾಣ ಶೇ 9ರಿಂದ ಶೇ 5.4ಕ್ಕೆ ಇಳಿಯಿತು. ನಮ್ಮ ದೇಶದಲ್ಲೇ, ಬಡವರ ಮನೆಗಳಲ್ಲೇ ಆದ ಕೆಲಸ. ನಿಮ್ಮ ಪುಟದಲ್ಲಿ ಇದರ ಬಗ್ಗೆ ಒಂದು ಸಾಲಾದರೂ ಬರಬೇಕಿತ್ತು. ಯಾವ ತಳಿ, ಯಾರಿಗೆ, ಯಾವ ವಯಸ್ಸಿನಲ್ಲಿ, ಎಷ್ಟು ದಿನ ಎಂಬುದನ್ನು ಅವರು ವರ್ಷಗಟ್ಟಲೆ ಹುಡುಕಿದ್ದರು. ಆ ಹುಡುಕಾಟವಿಲ್ಲದೆ ‘ಒಳ್ಳೆಯ ಬ್ಯಾಕ್ಟೀರಿಯಾ’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದರೆ ಅದು ಔಷಧವಾಗುವುದಿಲ್ಲ.

ಕಂಪನಿಯೊಂದರ ಪ್ರತಿನಿಧಿ ನನ್ನ ಮೇಜಿನ ಮೇಲೆ ಇಟ್ಟುಹೋದ ಕರಪತ್ರದಲ್ಲಿ, ಮೊಸರಿನ ಬ್ಯಾಕ್ಟೀರಿಯಾ ಕಂಡುಹಿಡಿದದ್ದಕ್ಕೆ ವಿಜ್ಞಾನಿ ಮೆಚ್ನಿಕಾಫ್ ಅವರಿಗೆ ನೊಬೆಲ್ ಬಂತು ಎಂದಿದೆ. ಇಲ್ಲ. 1908ರ ಆ ನೊಬೆಲ್ ಬಂದದ್ದು ರೋಗಾಣುಗಳನ್ನು ನುಂಗುವ ರಕ್ತಕಣಗಳ ಕುರಿತ ಅವರ ಕೆಲಸಕ್ಕೆ. ಮೊಸರು ಆಯುಷ್ಯ ಹೆಚ್ಚಿಸುತ್ತದೆ ಎಂಬುದು ಅವರ ಬೇರೆಯೇ ವಾದ, ಅದಕ್ಕೆ ಯಾರೂ ಬಹುಮಾನ ಕೊಟ್ಟಿಲ್ಲ. ಮನೆಯ ಮೊಸರು, ಮಜ್ಜಿಗೆ, ರಾಗಿ ಅಂಬಲಿ ಒಳ್ಳೆಯದೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 36 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವಾರ ಹುದುಗಿಸಿದ ಆಹಾರಗಳನ್ನು ಹೆಚ್ಚಾಗಿ ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತು, ಉರಿಯೂತದ ಗುರುತುಗಳು ತಗ್ಗಿದವು. ಇಡ್ಲಿ ದೋಸೆಯನ್ನೂ ನಿಮ್ಮ ಲೇಖಕರು ಆ ಪಟ್ಟಿಗೆ ಸೇರಿಸಿದ್ದಾರೆ. ಹಿಟ್ಟು ಉಬ್ಬುವಾಗ ಅದರ ತುಂಬ ಜೀವಂತ ಬ್ಯಾಕ್ಟೀರಿಯಾಗಳಿರುವುದು ನಿಜ, ಆದರೆ ಹಬೆಯಲ್ಲಿ ಬೆಂದ ಮೇಲೆ ಅವು ಉಳಿಯುವುದಿಲ್ಲ. ಇಡ್ಲಿ ತಿನ್ನಲು ಬೇರೆ ಕಾರಣಗಳು ಸಾಕಷ್ಟಿವೆ.

ಆಹಾರದ ವಿಷಯದಲ್ಲಿ ನನಗೆ ಬಹಳ ಭರವಸೆ ಕೊಟ್ಟದ್ದು ಢಾಕಾದ ಮೀರ್‌ಪುರ ಕೊಳೆಗೇರಿಯಲ್ಲಿ ನಡೆದ ಕೆಲಸ. ಅಮೆರಿಕದ ಸೇಂಟ್ ಲೂಯಿಸ್‌ನ ಜೆಫ್ರಿ ಗಾರ್ಡನ್ ಮತ್ತು ಢಾಕಾದ ತಹಮೀದ್ ಅಹ್ಮದ್ ಅವರ ತಂಡಗಳು ಅಪೌಷ್ಟಿಕ ಮಕ್ಕಳ ಕರುಳಿನ ಬ್ಯಾಕ್ಟೀರಿಯಾಗಳು ವಯಸ್ಸಿಗೆ ತಕ್ಕಂತೆ ಬೆಳೆದಿರುವುದಿಲ್ಲ ಎಂಬುದನ್ನು ಮೊದಲು ಕಂಡುಕೊಂಡವು. ಆ ಬ್ಯಾಕ್ಟೀರಿಯಾಗಳನ್ನು ಬೆಳೆಸುವ ಆಹಾರ ಯಾವುದು ಎಂದು ಹುಡುಕಿ ಕಡಲೆ ಹಿಟ್ಟು, ಸೋಯಾ ಹಿಟ್ಟು, ಕಡಲೆಕಾಯಿ, ಬಾಳೆಕಾಯಿ ಸೇರಿದ ಮಿಶ್ರಣವೊಂದನ್ನು ತಯಾರಿಸಿದವು. ಸುಮಾರು 120 ಮಕ್ಕಳಲ್ಲಿ ಮೂರು ತಿಂಗಳು ನಡೆದ ಹೋಲಿಕೆಯಲ್ಲಿ, ಪ್ರಚಲಿತ ಪೌಷ್ಟಿಕ ಆಹಾರಕ್ಕಿಂತ ಕಡಿಮೆ ಕ್ಯಾಲೊರಿ ಇದ್ದರೂ ಈ ಮಿಶ್ರಣ ತಿಂದ ಮಕ್ಕಳು ಹೆಚ್ಚು ಚೆನ್ನಾಗಿ ತೂಕ ಗಳಿಸಿದರು. ಆ ಸಾಮಗ್ರಿಗಳಲ್ಲಿ ಯಾವುದೂ ನಮ್ಮ ತುಮಕೂರು ಜಿಲ್ಲೆಯ ಸಂತೆಯಲ್ಲಿ ಸಿಗದ ವಸ್ತುವಲ್ಲ. ಮನೆಯಲ್ಲಿ ಅಂದಾಜಿನಲ್ಲಿ ಬೆರೆಸಿ ಅದನ್ನೇ ಚಿಕಿತ್ಸೆ ಎನ್ನುವುದು ಬೇಡ. ಆದರೆ ನಮ್ಮ ಅಂಗನವಾಡಿಗಳ ಆಹಾರ ನಿರ್ಧರಿಸುವವರು ಈ ದಾರಿಯಲ್ಲಿ ಏಕೆ ಯೋಚಿಸಬಾರದು?

ಕರುಳಿನ ಬ್ಯಾಕ್ಟೀರಿಯಾ ಪರೀಕ್ಷೆಗೆಂದು ಸಾವಿರಾರು ರೂಪಾಯಿ ಪಡೆದು ಬಣ್ಣದ ಚಕ್ರಗಳಿರುವ ವರದಿ ಕಳಿಸುವವರೂ ಈಗ ಬಂದಿದ್ದಾರೆ. ಆರೋಗ್ಯವಂತರಲ್ಲೂ ಒಬ್ಬರದು ಇನ್ನೊಬ್ಬರಿಗೆ ಹೋಲುವುದಿಲ್ಲವಾದ್ದರಿಂದ, ಆ ಚಕ್ರ ನೋಡಿ ಸಕ್ಕರೆ ಕಾಯಿಲೆಗೋ ಬೊಜ್ಜಿಗೋ ಚಿಕಿತ್ಸೆ ನಿರ್ಧರಿಸುವ ಹಂತಕ್ಕೆ ವಿಜ್ಞಾನ ಬಂದಿಲ್ಲ. ದಪ್ಪ ಇಲಿಯ ಬ್ಯಾಕ್ಟೀರಿಯಾ ಪಡೆದ ಇಲಿ ದಪ್ಪವಾದದ್ದು 2006ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಮನುಷ್ಯರಲ್ಲಿ ಅಷ್ಟು ಸರಳವಾದ ಉತ್ತರ ಇನ್ನೂ ಸಿಕ್ಕಿಲ್ಲ. ಆ ಹಣದಲ್ಲಿ ಮನೆಗೆ ಕಾಳು ತರಿಸಿ ಎಂದು ಕೇಳಿದವರಿಗೆ ಹೇಳುತ್ತಿದ್ದೇನೆ.

ಆಂಟಿಬಯೋಟಿಕ್‌ಗಳೇ ಬೇಡವೆಂದು ನಾನು ಹೇಳುತ್ತಿದ್ದೇನೆಂದು ದಯವಿಟ್ಟು ಯಾರೂ ತಿಳಿಯಬಾರದು. ಕ್ಷಯ, ಟೈಫಾಯಿಡ್, ಬ್ಯಾಕ್ಟೀರಿಯಾದಿಂದ ಬಂದ ನ್ಯುಮೋನಿಯಾ, ರಕ್ತನಂಜು, ಇವುಗಳಲ್ಲಿ ಆಂಟಿಬಯೋಟಿಕ್ ಜೀವ ಉಳಿಸುತ್ತದೆ. ವೈದ್ಯರು ಪರೀಕ್ಷಿಸಿ ಬರೆದುಕೊಟ್ಟದ್ದನ್ನು ಹೇಳಿದಷ್ಟು ದಿನ ಹೇಳಿದ ಹೊತ್ತಿಗೆ ತೆಗೆದುಕೊಳ್ಳಲೇಬೇಕು. ಈ ಪತ್ರ ಓದಿ ಯಾರೂ ಮಧ್ಯದಲ್ಲಿ ನಿಲ್ಲಿಸಬೇಡಿ. ನನ್ನ ತಕರಾರು ಚೀಟಿಯಿಲ್ಲದೆ, ಪರೀಕ್ಷೆಯಿಲ್ಲದೆ, ಕತ್ತರಿಯಲ್ಲಿ ಕತ್ತರಿಸಿ ಕೊಡುವ ಎರಡು ನಾಲ್ಕು ಮಾತ್ರೆಗಳ ಬಗ್ಗೆ.

ಕಾನೂನು ಇಲ್ಲವೇ? ಇದೆ. 2014ರ ಮಾರ್ಚ್ 1ರಿಂದ ಎಚ್1 ಷೆಡ್ಯೂಲ್ ಜಾರಿಯಲ್ಲಿದೆ. ಸೆಫಿಕ್ಸಿಮ್ ಸೇರಿದಂತೆ ಆ ಪಟ್ಟಿಯ ಔಷಧ ಮಾರಿದರೆ ಬರೆದ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ನನ್ನ ರಿಜಿಸ್ಟರ್ ಕೌಂಟರಿನ ಕೆಳಗೆ ಇದೆ, ಯಾರು ಬೇಕಾದರೂ ನೋಡಬಹುದು. ಅದನ್ನು ತೆರೆದು ಬರೆಯುತ್ತಾ ಕುಳಿತರೆ ‘ಪಕ್ಕದ ಅಂಗಡಿಯಲ್ಲಿ ಕೇಳದೆ ಕೊಡುತ್ತಾರೆ’ ಎಂದು ಗಿರಾಕಿಗಳು ಎದ್ದು ಹೋಗುವುದೂ ಇದೆ. ಅವರನ್ನು ದೂರಲಾರೆ. ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಸಾಲು ನಿಂತರೆ ಒಂದು ದಿನದ ದುಡಿಮೆ ಹೋಯಿತು. ಎರಡು ಮಾತ್ರೆಯಲ್ಲಿ ಮುಗಿದರೆ ಸಾಕು ಎನ್ನುವುದು ಬಡತನದ ಲೆಕ್ಕ. ಎಲ್ಲ ಅಂಗಡಿಗಳೂ ಒಂದೇ ಮಾತು ಹೇಳಿದಾಗ ಮಾತ್ರ ಆ ಲೆಕ್ಕ ಬದಲಾಗುತ್ತದೆ. ಅದಕ್ಕೆ ಸರ್ಕಾರ ಮುಂದೆ ಬರಬೇಕು. ಪಕ್ಕದ ಕೇರಳ 2024ರ ಜನವರಿಯಲ್ಲಿ ಆಪರೇಷನ್ ಅಮೃತ್ ಎಂಬ ಹೆಸರಿನಲ್ಲಿ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ತಪಾಸಣೆ ಆರಂಭಿಸಿತು. ಆಂಟಿಬಯೋಟಿಕ್‌ಗಳನ್ನು ನೀಲಿ ಕವರಿನಲ್ಲಿ ಹಾಕಿ ಕೊಡುವ ಪದ್ಧತಿಯನ್ನೂ ತಂದಿತು. ಓದಲು ಬಾರದ ಅಜ್ಜಿಗೂ ನೀಲಿ ಬಣ್ಣ ಗೊತ್ತಾಗುತ್ತದೆ. ನಮ್ಮಲ್ಲೂ ಇದು ಬರಬೇಕು. ಸ್ಟ್ರಿಪ್ ಕತ್ತರಿಸುವಾಗ ಹೆಸರು, ದಿನಾಂಕ, ಕೆಂಪು ಗೆರೆ ಕಾಣೆಯಾಗುವುದನ್ನೂ ತಡೆಯಬೇಕು. ವೈದ್ಯರು ಬರೆದ ಪೂರ್ತಿ ಪ್ರಮಾಣದಷ್ಟನ್ನೇ ಕೊಡುವುದಾದರೆ ಕತ್ತರಿಯ ಅಗತ್ಯವೇ ಎಷ್ಟೋ ಸಲ ಬೀಳುವುದಿಲ್ಲ.

ನಿಮ್ಮಲ್ಲಿಯೂ ಎರಡು ಬೇಡಿಕೆಗಳಿವೆ. ಆ ಲೇಖನವಿದ್ದ ಪುಟದ ಕೆಳಭಾಗದಲ್ಲೇ ‘ಕರುಳನ್ನು ತೊಳೆದು ಶುದ್ಧಿ ಮಾಡುವ’ ಪುಡಿಯ ದೊಡ್ಡ ಜಾಹೀರಾತಿತ್ತು. ಮೇಲೆ ಉಳಿಸಿಕೊಳ್ಳಿ ಎಂದು ಬರೆದು ಕೆಳಗೆ ತೊಳೆದುಬಿಡಿ ಎಂದು ಅಚ್ಚು ಹಾಕಿದರೆ ಓದುಗರು ಯಾವುದನ್ನು ನಂಬಬೇಕು? ಆರೋಗ್ಯ ಪುಟದಲ್ಲಾದರೂ ಅಂಥವುಗಳಿಗೆ ಜಾಗ ಕೊಡಬೇಡಿ. ಇನ್ನೊಂದು, ಮಳೆಗಾಲದಲ್ಲಿ ಜ್ವರ, ಭೇದಿ ಹಬ್ಬಿದ ಸುದ್ದಿ ಹಾಕುವಾಗಲೆಲ್ಲ ಅದರ ಪಕ್ಕದಲ್ಲಿ ಪುಟ್ಟ ಚೌಕಟ್ಟಿನಲ್ಲಿ ಓಆರ್‌ಎಸ್ ಬೆರೆಸುವ ಕ್ರಮವನ್ನೂ, ವೈದ್ಯರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೇಳಬೇಡಿ ಎಂಬ ಮಾತನ್ನೂ ಪ್ರಕಟಿಸಿ. ನಿಮ್ಮ ಪತ್ರಿಕೆ ಹಳ್ಳಿಯ ಚಹಾ ಅಂಗಡಿಯವರೆಗೆ ಹೋಗುತ್ತದೆ. ನನ್ನ ಮಾತು ಕೌಂಟರಿನ ಆಚೆಗೆ ಹೋಗುವುದಿಲ್ಲ.

ಔಷಧ ನಿಯಂತ್ರಣ ಇಲಾಖೆಯವರು ಈ ಪತ್ರ ಓದಿದರೆ, ಕನ್ನಡದಲ್ಲಿ ದಪ್ಪ ಅಕ್ಷರದ ಒಂದು ಫಲಕ ಮಾಡಿಸಿ ಎಲ್ಲ ಅಂಗಡಿಗಳಿಗೂ ಕಡ್ಡಾಯವಾಗಿ ಕೊಡಲಿ. ಸದ್ಯಕ್ಕೆ ನನ್ನ ಅಂಗಡಿಯಲ್ಲಿ ರಟ್ಟಿನ ಮೇಲೆ ನಾನೇ ಬರೆದು ತೂಗುಹಾಕಿರುವುದು ಇದೆ: ‘ನೆಗಡಿಗೆ, ಮಕ್ಕಳ ನೀರು ಭೇದಿಗೆ ಇಲ್ಲಿ ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೊಡುವುದಿಲ್ಲ. ಓಆರ್‌ಎಸ್ ಬೆರೆಸುವುದನ್ನು ಹೇಳಿಕೊಡುತ್ತೇವೆ.’ ಅಧಿಕೃತ ಫಲಕ ಬಂದ ದಿನ ಇದನ್ನು ತೆಗೆದು ಅದನ್ನು ಹಾಕುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಔಷಧ ಅಂಗಡಿಯ ಫಾರ್ಮಸಿಸ್ಟ್,
ತಿಪಟೂರು